ಹನ್ನೊಂದು ತಾಸಿನ ಬಯಲು

ಬಯಲಿನಲ್ಲಿ ತಿರುಗಾಡಲು ಚನ್ನವೀರನ ಬಳಿ ಇನ್ನು ಹನ್ನೊಂದು ತಾಸು ಉಳಿದಿತ್ತು. ಆ ವರ್ಷಕ್ಕಲ್ಲ, ಬದುಕಿರುವಷ್ಟೂ ಕಾಲಕ್ಕೆ.

ಗದಗ ಜಿಲ್ಲೆಯ ಕರಿಯಕಟ್ಟಿ ಎಂಬ ಊರಿನ ಶಾಲೆಯಲ್ಲಿ ಅವನು ಭೂಗೋಳ ಕಲಿಸುತ್ತಿದ್ದ. ನಲವತ್ತೆಂಟು ವಯಸ್ಸು, ಉದ್ದ ಕಾಲು, ಬಿಸಿಲಿಗೆ ಕಂದಿದ ಮುಖ. ಹಿಂದೆಲ್ಲ ರಜೆ ಸಿಕ್ಕರೆ ಸಾಕು, ಹತ್ತು ಹನ್ನೆರಡು ಮಕ್ಕಳನ್ನು ಕಟ್ಟಿಕೊಂಡು ಹೊರಟುಬಿಡುತ್ತಿದ್ದ. ಸಂಡೂರಿನ ಗುಡ್ಡಗಳು, ದರೋಜಿಯ ಬಂಡೆಗಳ ನಡುವೆ ಸಂಜೆ ಇಳಿದು ಬರುವ ಕರಡಿಗಳು, ರಾಣೆಬೆನ್ನೂರಿನ ಚಿಗರಿಗಳು, ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗ. ಕರ್ನಾಟಕದ ನಕಾಶೆಯನ್ನು ಅವನು ಹಲಗೆಯ ಮೇಲೆ ಬರೆದು ತೋರಿಸಿದ್ದಕ್ಕಿಂತ ನಡೆಸಿ ತೋರಿಸಿದ್ದೇ ಹೆಚ್ಚು. ಮಗಳು ಹುಟ್ಟಿದಾಗ ಧಾರವಾಡದ ಹತ್ತಿರ ಹುಟ್ಟುವ ಸಣ್ಣ ಹೊಳೆಯ ಹೆಸರಿಟ್ಟ, ಶಾಲ್ಮಲಾ ಎಂದು.

ಅವಳು ಹುಟ್ಟುವ ಮೂರು ವರ್ಷ ಮೊದಲು ತೇವಬಂಧು ಬಂದಿತ್ತು. ಅದೊಂದು ಜೀವಾಣು. ಪ್ರಯೋಗಶಾಲೆಯೊಂದರಲ್ಲಿ ಐದು ಜನ ಸೇರಿ ಅದನ್ನು ತಯಾರಿಸಿದ್ದರು. ಮಣ್ಣಿಗೆ ಚೆಲ್ಲಿದರೆ ಅದು ಮಣ್ಣಿನ ಕಣಗಳ ಸುತ್ತ ತೆಳ್ಳಗಿನ ಲೋಳೆಯ ಪೊರೆ ಕಟ್ಟುತ್ತಿತ್ತು. ಬೆಳಗಿನ ಇಬ್ಬನಿಯನ್ನು ಆ ಪೊರೆ ಹೀರಿ ಹಿಡಿದಿಟ್ಟುಕೊಂಡು ಮಧ್ಯಾಹ್ನದ ಹೊತ್ತಿಗೆ ಬೇರಿಗೆ ಬಿಟ್ಟುಕೊಡುತ್ತಿತ್ತು. ಮಳೆಯೇ ಬೇಕಾಗಿರಲಿಲ್ಲ. ನಾಲ್ಕು ವರ್ಷದಲ್ಲಿ ಗದಗ, ಕೊಪ್ಪಳ, ರಾಯಚೂರಿನ ಬಯಲುಗಳು ಎದೆಯೆತ್ತರ ಹುಲ್ಲು ಹೊತ್ತು ನಿಂತವು. ಕೆರೆಗಳು ಬೇಸಿಗೆಯಲ್ಲೂ ತುಂಬಿರುತ್ತಿದ್ದವು. ತೋಳಗಳು ಮರಳಿ ಬಂದವು. ಕಾಣೆಯಾಗಿಯೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಎರ್ಲಡ್ಡು ಎಂಬ ದೊಡ್ಡ ಬಯಲುಹಕ್ಕಿ ಮುಂಡರಗಿಯ ಕಡೆ ಜೋಡಿಯಾಗಿ ಕಾಣಿಸಿಕೊಂಡಿತು. ಗಾಳಿಯ ಜೊತೆ ತೇವಬಂಧು ತಾನಾಗಿಯೇ ರಾಜ್ಯದ ಉದ್ದಗಲಕ್ಕೂ ಹರಡಿತು.

ಐದನೆಯ ವರ್ಷ ಕಾಯಿಲೆ ಶುರುವಾಯಿತು. ಒಣಗಿದ ಪೊರೆ ಕಣ್ಣಿಗೆ ಕಾಣದ ಹುಡಿಯಾಗಿ ಗಾಳಿಯಲ್ಲಿ ತೇಲುತ್ತಿತ್ತು. ಮುಖಕ್ಕೆ ಏನು ಕಟ್ಟಿಕೊಂಡರೂ ಅದು ಒಳಹೊಗುತ್ತಿತ್ತು. ಉಸಿರಿನಲ್ಲಿ ಒಳಗೆ ಹೋದ ಪ್ರತಿ ಕಣವನ್ನೂ ದೇಹ ಶತ್ರುವೆಂದು ನೆನಪಿಟ್ಟುಕೊಳ್ಳುತ್ತಿತ್ತು. ಆ ನೆನಪು ಒಂದು ಮಿತಿ ದಾಟಿದರೆ ಗಂಟಲು ಕಟ್ಟಿಕೊಂಡು ಉಸಿರು ನಿಲ್ಲುತ್ತಿತ್ತು. ಮಿತಿ ಒಬ್ಬೊಬ್ಬರಿಗೆ ಒಂದೊಂದು. ರಕ್ತ ಪರೀಕ್ಷೆ ಮಾಡಿ, ಇನ್ನೆಷ್ಟು ತಾಸು ಹೊರಗಿರಬಹುದೆಂದು ಹೇಳುತ್ತಿದ್ದರು. ಕಳೆದ ತಾಸು ಮತ್ತೆ ಬರುತ್ತಿರಲಿಲ್ಲ.

ಎಲ್ಲರಿಗಿಂತ ಮೊದಲು ಬಿದ್ದವಳು ಚನ್ನವೀರನ ಹೆಂಡತಿ ಸುಮಂಗಲಾ. ತೇವಬಂಧುವನ್ನು ತಯಾರಿಸಿದ ಐವರಲ್ಲಿ ಅವಳೂ ಒಬ್ಬಳು. ಎಂಟು ವರ್ಷ ಬರಿಗೈಯಲ್ಲಿ ಅದನ್ನು ಮುಟ್ಟಿದ್ದಳು. ಪ್ರಯೋಗಶಾಲೆಯ ವರಾಂಡದಲ್ಲಿ ಕುಸಿದವಳು ಬದುಕಿದ್ದೇ ಹೆಚ್ಚು. ಅಂದಿನಿಂದ ಅವಳ ಪಾಲಿಗೆ ಒಂದು ನಿಮಿಷವೂ ಉಳಿಯಲಿಲ್ಲ. ಇಲಿಗಳ ಮೇಲೆ ಆರು ತಿಂಗಳು ಪರೀಕ್ಷೆ ಮಾಡಿ, ಇದರಿಂದ ಮನುಷ್ಯರಿಗೆ ಅಪಾಯವಿಲ್ಲ ಎಂಬ ವರದಿಗೆ ಸಹಿ ಹಾಕಿದವಳೂ ಅವಳೇ.

ಪಕ್ಕದ ರಾಜ್ಯಗಳು ಗಡಿ ಮುಚ್ಚಿದವು. ಇಲ್ಲಿನವರು ಬಟ್ಟೆಯಲ್ಲಿ, ಕೂದಲಲ್ಲಿ ಆ ಜೀವಾಣುವನ್ನು ಹೊತ್ತು ತರುತ್ತಾರೆಂಬ ಹೆದರಿಕೆ ಅವರಿಗೆ. ಮನೆಗಳಿಗೆ ಎರಡೆರಡು ಬಾಗಿಲು ಬಂದವು, ಕಿಟಕಿಗಳಿಗೆ ತೆರೆಯಲಾಗದ ಗಾಜು ಬಂತು. ಮನೆಗಳಿಂದ ಶಾಲೆಗೂ ಬಸ್ಸಿನ ನಿಲ್ದಾಣಕ್ಕೂ ಮುಚ್ಚಿದ ಓಣಿಗಳಾದವು. ಗಾಳಿ ಸೋಸುವ ಯಂತ್ರ ಗೋಡೆಯ ಮೇಲೆ ಹಗಲಿರುಳು ಗುಂಯ್‌ಗುಡತೊಡಗಿತು. ಹೊಲದ ಕೆಲಸ ಮುಚ್ಚಿದ ಟ್ರ್ಯಾಕ್ಟರುಗಳ ಪಾಲಾಯಿತು. ಒಕ್ಕಲುತನದವರಿಗೆ ತಾಸು ಉಳಿಸುವ ಭಾಗ್ಯವೇ ಸಿಗಲಿಲ್ಲ. ಕಾಯಿಲೆ ಏನೆಂದು ತಿಳಿಯುವುದರೊಳಗೆ ಅವರ ಲೆಕ್ಕವೆಲ್ಲ ಮುಗಿದಿತ್ತು. ಕರಿಯಕಟ್ಟಿಯಲ್ಲಿ ತಾಸು ಉಳಿಸಿಕೊಂಡವರು ನಾಲ್ಕೇ ಜನ. ಅವರಲ್ಲಿ ಚನ್ನವೀರನದೇ ಹೆಚ್ಚು.

ಮಕ್ಕಳದು ಮಾತ್ರ ಬೇರೆ ಕಥೆ. ತೇವಬಂಧು ಬಂದ ಮೇಲೆ ಹುಟ್ಟಿದ ಮಕ್ಕಳ ದೇಹ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದನ್ನು ತನ್ನದೆಂದು ಒಪ್ಪಿಕೊಂಡಿತ್ತು. ಅವರಿಗೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಇಡೀ ನಾಡಿನ ಬಯಲು, ಕೆರೆ, ಗುಡ್ಡ, ಕಾಡುಗಳಲ್ಲಿ ಈಗ ಓಡಾಡುತ್ತಿದ್ದವರು ಹದಿಮೂರು ವರ್ಷದೊಳಗಿನವರು ಮಾತ್ರ. ತಂದೆತಾಯಿಗಳು ಗಾಜಿಗೆ ಮುಖ ಒತ್ತಿ ನೋಡುತ್ತಿದ್ದರು.

*

ಸುಮಂಗಲಾ ಈಗ ಗದಗದ ಗಾಳಿ ನಿಗಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಮುಚ್ಚಿದ ಬಸ್ಸಿನಲ್ಲಿ ದಿನಾ ಇಪ್ಪತ್ತೆರಡು ಕಿಲೋಮೀಟರು ಹೋಗಿ ಬರುತ್ತಿದ್ದಳು. ಅಲ್ಲಿ ಸಾಲಾಗಿ ಪರದೆಗಳು. ಜಿಲ್ಲೆಯಲ್ಲಿ ತಾಸು ಉಳಿದಿದ್ದ ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ಒಂದು ಕೈಪಟ್ಟಿ. ಅವರು ಹೊರಗೆ ಕಾಲಿಟ್ಟರೆ ಅಲ್ಲಿನ ಗಾಳಿಯಲ್ಲಿ ಹುಡಿ ಎಷ್ಟಿದೆ ಎಂದು ಅಳೆದು, ಎಷ್ಟು ಹೊತ್ತು ಉಳಿಯಿತೆಂದು ಪರದೆಯ ಮೇಲೆ ತೋರಿಸುತ್ತಿತ್ತು. ಮಿತಿ ಹತ್ತಿರ ಬಂದವರಿಗೆ ಫೋನ್ ಮಾಡಿ ಒಳಗೆ ಹೋಗಿರೆಂದು ಹೇಳುವುದು ಅವಳ ಕೆಲಸ. ಹೇಳುವುದಷ್ಟೇ. ಕೇಳದವರನ್ನು ಏನೂ ಮಾಡುವಂತಿರಲಿಲ್ಲ.

ಡಿಸೆಂಬರಿನ ಒಂದು ಸಂಜೆ ಅವಳು ಮನೆಗೆ ಬಂದಾಗ ಚನ್ನವೀರ ನೆಲದ ಮೇಲೆ ನಕಾಶೆ ಹಾಸಿಕೊಂಡು ಕೂತಿದ್ದ. ಶಾಲ್ಮಲಾ ಆಗಷ್ಟೇ ಹೊರಗಿನಿಂದ ಬಂದು, ಎರಡು ಬಾಗಿಲ ನಡುವಿನ ಜಾಗದಲ್ಲಿ ಮೈ ತೊಳೆದು, ಬಟ್ಟೆ ಬದಲಿಸಿ ರೊಟ್ಟಿಗೆ ಕೂತಿದ್ದಳು.

"ಸಂಕ್ರಾಂತಿ ಆದ ಮ್ಯಾಲ ಹೋಗೂದು," ಎಂದ ಚನ್ನವೀರ. "ನಸುಕಿನ್ಯಾಗ ಊರು ಬಿಡೂದು. ಹುಲ್ಲುಗಾವಲು ಹಾದು ಸೀದಾ ತುಂಗಭದ್ರಾ ದಂಡಿಗೆ. ಹನ್ನೊಂದು ತಾಸಿನ ಹಾದಿ. ಹೊತ್ತು ಮುಳುಗೂದ್ರಾಗ ಮುಟ್ಟತೀವಿ."

"ಹೊಳಿ ದಂಡ್ಯಾಗ ನಿಮ್ಮ ತಾಸು ಮುಗೀತೈತಿ," ಎಂದಳು ಸುಮಂಗಲಾ.

"ಅಲ್ಲೆ ಮುಚ್ಚಿದ ಬಸ್ಸು ಬಂದು ನಿಂತಿರತೈತಿ. ಡ್ರೈವರಗ ಹೇಳೀನಿ." ಅವನು ಮಗಳ ಕಡೆ ತಿರುಗಿದ. "ಅಲ್ಲೆ ನೀರುನಾಯಿ ಅದಾವ. ಮೀನು ಹಿಡದು ಕಲ್ಲಿನ ಮ್ಯಾಲ ಕೂತು ಕರಕರ ಅಂತ ತಿಂತಾವ. ನಿನಗ ತೋರಸಬೇಕು."

"ನಾ ನೋಡೀನಿ," ಎಂದಳು ಶಾಲ್ಮಲಾ. "ಹಳ್ಳದಾಗ. ನಾವು ಅವಕ್ಕ ಮೀಸಿ ಬೆಕ್ಕು ಅಂತೀವಿ."

"ನೀರುನಾಯಿ ಅನ್ನಬೇಕವ್ವಾ."

"ನಾಯಿ ಹಂಗ ಎಲ್ಲೈತಿ ಅದು?"

ಚನ್ನವೀರ ನಕ್ಕ. ಆದರೆ ಸುಮಂಗಲಾಗೆ ಅವನ ಮುಖ ಗೊತ್ತಿತ್ತು. ಮಗಳು ದಿನಾ ಹೊರಗೆ ಹೋಗುತ್ತಾಳೆ, ಎಲ್ಲವನ್ನೂ ನೋಡುತ್ತಾಳೆ. ಪಕ್ಕದಲ್ಲಿ ನಿಂತು ಇದು ಇಂಥದ್ದು, ಇದು ಎಲ್ಲಿಂದ ಬರುತ್ತದೆ, ಏನು ತಿನ್ನುತ್ತದೆ ಎಂದು ಹೇಳುವವರೇ ಇಲ್ಲ. ಪುಸ್ತಕದ ಚಿತ್ರ ತೋರಿಸಿ ಹೇಳಿದರೆ ಮಕ್ಕಳು ಕೇಳುತ್ತಿರಲಿಲ್ಲ. ಅವರ ಕಣ್ಣೆಲ್ಲ ಗಾಜಿನಾಚೆ ಇರುತ್ತಿತ್ತು. ಒಂದೇ ಒಂದು ಪೂರ್ತಿ ದಿನ ಮಗಳ ಜೊತೆ ನಡೆಯಬೇಕು ಎಂದು ಅವನು ಮೂರು ವರ್ಷದಿಂದ ಒಂದು ನಿಮಿಷವನ್ನೂ ಖರ್ಚು ಮಾಡದೆ ಕಾದಿದ್ದ. ಹತ್ತು ವರ್ಷ ತುಂಬಿದ ಮೇಲೆ ನೋಡಿದ್ದು ನೆನಪಿರುತ್ತದೆ ಎಂದು ಅವನ ಲೆಕ್ಕ. ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಅವಳಿಗೆ ಹತ್ತು ತುಂಬುತ್ತಿತ್ತು.

*

ಸಂಕ್ರಾಂತಿಗೆ ಇನ್ನೂ ಎರಡು ವಾರವಿದ್ದ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನಿಗಾ ಕೇಂದ್ರದ ಫೋನ್ ಬಡಿಯಿತು. ಸುಮಂಗಲಾಳ ಜೊತೆ ಕೆಲಸ ಮಾಡುವ ದಾವಲಸಾಬ ಎತ್ತಿಕೊಂಡು ಅವಳ ಕಡೆ ನೋಡಿದ.

"ಅಕ್ಕಾರ, ನಿಮ್ಮೂರಿನ ಹುಡುಗಿ. ಕೆರಿ ಹತ್ರದಿಂದ."

ಮಕ್ಕಳ ಗುಂಪಿಗೆ ಒಂದು ಫೋನ್ ಕೊಟ್ಟಿರುತ್ತಿದ್ದರು. ಕರಿಯಕಟ್ಟಿಯ ಗುಂಪಿನಲ್ಲಿ ಅದು ರೇಣವ್ವನ ಕೈಯಲ್ಲಿತ್ತು. ಹನ್ನೆರಡು ವರ್ಷದ ಅವಳೇ ಊರಿನ ಮಕ್ಕಳಿಗೆಲ್ಲ ಹಿರಿಯಳು.

"ಆಂಟಿ, ಶಾಲೂ ರಾಡ್ಯಾಗ ಸಿಕ್ಕಾಳ್ರಿ," ಎಂದಳು ರೇಣವ್ವ. "ಒಂದು ಬಾತಿನ ಕಾಲಿಗೆ ಹಳೀ ಮೀನಿನ ಬಲಿ ಸುತ್ತಿತ್ತು. ಬಿಡಸಾಕಂತ ಹೋದ್ಲು. ಬಾತು ತಾನ ಹಾರಿ ಹೋತು. ಈಕಿ ಸೊಂಟದ ತನಾ ಇಳದಾಳ. ಎಳದ್ರ ಬರವಲ್ಲಳು. ಎಳ್ಯಾಕ ಹೋಗಿ ನಾನೂ ಇನ್ನೊಬ್ಬಾಕಿನೂ ಮೊಣಕಾಲ ತನಾ ಸಿಕ್ಕಿದ್ವಿ."

ಹಿಂದೆ ಆ ಕೆರೆಯ ಅಂಚು ಗಟ್ಟಿಯಾಗಿರುತ್ತಿತ್ತು. ಈಗ ತೇವಬಂಧುವಿನ ಲೋಳೆ ಕಲೆತು ಅದು ಆಳುದ್ದದ ಅಂಟು ಕೆಸರಾಗಿತ್ತು. ಸುಮಂಗಲಾ ತನ್ನ ದನಿಯನ್ನು ಹಿಡಿತಕ್ಕೆ ತಂದುಕೊಂಡಳು.

"ಯಾರೂ ಆಕಿ ಹತ್ರ ಹೋಗಬ್ಯಾಡ್ರಿ. ಶಾಲೂಗ ಹೇಳು, ಕಾಲು ಒದರಬ್ಯಾಡ, ಕೈ ಅಗಲ ಮಾಡಿ ಬೆನ್ನ ಮ್ಯಾಲ ಒರಗು ಅಂತ. ನಾ ಕಳಸತೀನಿ."

ಕಳಿಸುವುದು ಯಾರನ್ನು? ಉಸಿರಿನ ಸಿಲಿಂಡರು, ಮುಚ್ಚಿದ ಅಂಗಿ ಹಾಕಿಕೊಂಡು ಹೋಗುವ ರಕ್ಷಣಾ ದಳ ಜಿಲ್ಲೆಗೆ ಒಂದೇ. ಅದು ಮುಂಡರಗಿಯಲ್ಲಿತ್ತು. ದಾವಲಸಾಬ ಅವರೊಡನೆ ಮಾತಾಡಿ, "ಒಂದೂವರಿ ತಾಸು ಆಗತೈತಂತ," ಎಂದ. ಮುಚ್ಚಿದ ಟ್ರ್ಯಾಕ್ಟರು ಆ ವಾರ ಇಪ್ಪತ್ತು ಮೈಲಿ ಆಚೆಯ ಕಡಲೆ ಹೊಲದಲ್ಲಿತ್ತು. ಊರಿನಲ್ಲಿ ತಾಸು ಉಳಿಸಿಕೊಂಡ ಇನ್ನು ಮೂವರದು ಒಂದೊಂದು, ಎರಡೆರಡು ತಾಸು. ಕೆರೆಯ ಅಂಚಿನಲ್ಲಿ ಒಣಗುವ ರಾಡಿಯಿಂದ ಹುಡಿ ಏಳುತ್ತಿತ್ತು. ಬಯಲಿನಲ್ಲಿ ಹತ್ತು ನಿಮಿಷ ಇರಬಹುದಾದವರು ಅಲ್ಲಿ ಒಂದೇ ನಿಮಿಷ ಇರಬಹುದಿತ್ತು. ಕೆರೆಯ ಹಾದಿಯಲ್ಲೂ ಅದೇ ಹುಡಿ. ಅವರು ಹೋದರೆ ಹಗ್ಗ ಬಿಚ್ಚುವುದರೊಳಗೆ ಬೀಳುತ್ತಿದ್ದರು.

ಅವಳು ಶಾಲೆಗೆ ಫೋನ್ ಮಾಡಿದಳು. ಚನ್ನವೀರ ಎಲ್ಲವನ್ನೂ ಕೇಳಿಸಿಕೊಂಡ. ನಂತರ ಒಂದೇ ಪ್ರಶ್ನೆ ಕೇಳಿದ.

"ಅಲ್ಲೆ ನನಗ ಎಷ್ಟು ಹೊತ್ತು ಸಿಗತೈತಿ?"

ಸುಮಂಗಲಾ ಲೆಕ್ಕ ಹಾಕಿದಳು. ಹೋಗುವ ಹಾದಿ, ಬರುವ ಹಾದಿ, ಅಂದಿನ ಗಾಳಿ. ಲೆಕ್ಕ ಹಾಕುವಾಗಲೇ ಅವಳಿಗೆ ಅನಿಸಿತು, ಹೋಗಬೇಡಿ ಎನ್ನಲು ತನ್ನಿಂದ ಆಗುವುದಿಲ್ಲ, ಹೋಗಿ ಎನ್ನಲೂ ಆಗುವುದಿಲ್ಲ.

"ಐವತ್ತು ನಿಮಿಷ," ಎಂದಳು.

"ಸಾಕು."

ಅವನು ಶಾಲೆಯ ಎರಡು ಬೆಂಚು, ಬಣ್ಣ ಬಳಿಯುವ ಏಣಿ, ನೀರಿನ ತೊಟ್ಟಿಯ ಹಗ್ಗಗಳನ್ನು ಕೈಗಾಡಿಗೆ ಹೇರಿ ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಟ. ಮೂರು ವರ್ಷದ ನಂತರ ಮೊದಲ ಸಲ ಅವನ ಹೆಸರು ಪರದೆಯ ಮೇಲೆ ಹಸಿರಾಗಿ ಹೊತ್ತಿತು. ಕೆರೆ ತಲುಪಿದ ಕೂಡಲೇ ಅಂಕಿಗಳು ಅಲ್ಲಿನ ಗಾಳಿಯ ಲೆಕ್ಕಕ್ಕೆ ಬದಲಾದವು. ಹನ್ನೊಂದು ತಾಸು ಇದ್ದದ್ದು ಬರೀ ಅರವತ್ತೊಂದು ನಿಮಿಷಕ್ಕೆ ಇಳಿಯಿತು.

ಕೆರೆಯ ಏರಿಯ ಮೇಲೆ ಒಂದು ಕಂಬ, ಕಂಬದ ಮೇಲೆ ಕ್ಯಾಮೆರಾ. ಅದು ಒಂದೇ ದಿಕ್ಕಿಗೆ ನೋಡುತ್ತಿತ್ತು. ಪರದೆಯ ಮೂಲೆಯಲ್ಲಿ ಕಪ್ಪು ರಾಡಿ, ಅದರಲ್ಲಿ ಎದೆಯವರೆಗೆ ಇಳಿದ ಮಗಳು. ಚನ್ನವೀರ ಏಣಿಯನ್ನು ರಾಡಿಯ ಮೇಲೆ ಮಲಗಿಸಿದ. ಅದರ ಮೇಲೆ ಬೆಂಚುಗಳನ್ನಿಟ್ಟು ಹೊಟ್ಟೆಯ ಮೇಲೆ ತೆವಳಿದ. ರೇಣವ್ವ ಫೋನನ್ನು ಒಂದು ಕಲ್ಲಿನ ಮೇಲಿಟ್ಟಿದ್ದಳು. ಅವನ ಮಾತು ಕೇಳಿಸುತ್ತಿತ್ತು.

"ಹೆದರಬ್ಯಾಡ. ನಾ ಬಂದೀನಿ."

"ಅಪ್ಪಾ, ನೀ ಯಾಕ ಬಂದಿ?" ಎಂದಳು ಶಾಲ್ಮಲಾ. ಅಳು ಬಂದದ್ದು ಅಷ್ಟು ಹೊತ್ತಿನ ಮೇಲೆ ಆಗಲೇ. "ಹೊಳಿಗೆ ಹೋಗಬೇಕಿತ್ತಲ್ಲ."

ಎಳೆದರೆ ಬರುತ್ತಿರಲಿಲ್ಲ. ರಾಡಿ ಕಾಲನ್ನು ಹೀರಿ ಹಿಡಿದಿತ್ತು. ಅವನು ಮಗಳ ಕಂಕುಳಿಗೆ ಹಗ್ಗ ಬಿಗಿದು ಅದನ್ನು ಬೆಂಚಿಗೆ ಕಟ್ಟಿದ. ಆಮೇಲೆ ಬರಿಗೈಯಲ್ಲಿ ಅವಳ ಸುತ್ತಲಿನ ರಾಡಿಯನ್ನು ತೋಡತೊಡಗಿದ. ದಡದ ಮಕ್ಕಳು ಕೊಡದಲ್ಲಿ ನೀರು ಕೊಟ್ಟರು. ನೀರು ಹೊಯ್ದು ಸಡಿಲ ಮಾಡುವುದು, ತೋಡುವುದು, ಮತ್ತೆ ಹೊಯ್ಯುವುದು. ನಲವತ್ತೆರಡು ನಿಮಿಷ. ಮೂವತ್ತೊಂದು ನಿಮಿಷ. ಸುಮಂಗಲಾಳ ಎದುರಿಗೆ ಹದಿನಾರು ಗುಂಡಿಗಳಿದ್ದವು. ಯಾವ ಗುಂಡಿ ಒತ್ತಿದರೂ ಆ ಅಂಕಿ ಇಳಿಯುವುದು ನಿಲ್ಲುತ್ತಿರಲಿಲ್ಲ. ದಾವಲಸಾಬ ಒಂದು ಲೋಟ ನೀರು ತಂದು ಅವಳ ಮುಂದೆ ಇಟ್ಟು ಪಕ್ಕದಲ್ಲಿ ನಿಂತ.

ಹದಿನೆಂಟು ನಿಮಿಷ ಉಳಿದಿದ್ದಾಗ ಒಂದು ಕಾಲು ಬಂತು. ಹದಿಮೂರು ಉಳಿದಿದ್ದಾಗ ಮಗಳು ಇಡಿಯಾಗಿ ಬೆಂಚಿನ ಮೇಲೆ ಬಂದು ಬಿದ್ದಳು. ಮಕ್ಕಳೆಲ್ಲ ಹಗ್ಗ ಹಿಡಿದು ಇಬ್ಬರನ್ನೂ ದಡಕ್ಕೆಳೆದರು.

"ಹೊರಡ್ರಿ," ಎಂದಳು ಸುಮಂಗಲಾ ಫೋನಿನಲ್ಲಿ. "ಈಗಿಂದೀಗ ಹೊರಡ್ರಿ. ಹಾದಿಗೆ ಬೇಕಾದ ಹನ್ನೊಂದು ನಿಮಿಷ ಅಷ್ಟ ಐತಿ."

ಅವನು ರೇಣವ್ವನ ಫೋನ್ ಎತ್ತಿಕೊಂಡ. ಏದುಸಿರು ಬಿಡುತ್ತಿದ್ದ.

"ಸುಮಾ, ನೀ ಯಾವಾಗಲೂ ಗಡಿಯಾರಾ ಐದು ನಿಮಿಷ ಮುಂದ ಇಡತೀ. ಇದರಾಗೂ ಒಂದೀಟು ಹೆಚ್ಚಿಗಿ ಇಟ್ಟಿರತೀ. ಖರೇ ಹೇಳು, ಎಷ್ಟು ಇಟ್ಟೀ?"

ಅವಳು ಹಾದಿಗೆಂದು ನಾಲ್ಕು ನಿಮಿಷ ಹೆಚ್ಚಿಗೆ ಹಿಡಿದಿದ್ದಳು, ಮೋಟಾರ್ ಸೈಕಲ್ಲು ಕೆಟ್ಟರೆ ಇರಲಿ ಎಂದು. ಸುಳ್ಳು ಹೇಳಬಹುದಿತ್ತು. ಮದುವೆಯಾದ ಹದಿನೈದು ವರ್ಷದಲ್ಲಿ ಅವನು ತನಗಾಗಿ ಏನನ್ನೂ ಕೇಳಿದವನಲ್ಲ.

"ನಾಕು," ಎಂದಳು.

"ಹಂಗಾರ ನಾಕು ನಿಮಿಷ ಕುಂದರತೀನಿ."

ಆ ಬಳಿಕ ಅವಳು ಕೇಳಿಸಿಕೊಂಡಳು, ಅಷ್ಟೇ. ಕ್ಯಾಮೆರಾದಲ್ಲಿ ಅವನ ಬೆನ್ನು, ಪಕ್ಕದಲ್ಲಿ ರಾಡಿ ಮೆತ್ತಿದ ಮಗಳು, ಸುತ್ತ ಎಂಟು ಮಕ್ಕಳು. ಅವರು ನೋಡುತ್ತಿದ್ದುದು ಕ್ಯಾಮೆರಾಕ್ಕೆ ಬೀಳುತ್ತಿರಲಿಲ್ಲ. ಬಾತುಗಳ ಸದ್ದು ಮಾತ್ರ ಫೋನಿನಲ್ಲಿ ತುಂಬಿಕೊಂಡಿತ್ತು. ಸಾವಿರ ಬಾಗಿಲುಗಳ ಹಿತ್ತಾಳೆ ತಿರುಗಣಿಗಳು ಒಟ್ಟಿಗೆ ಕಿರುಗುಟ್ಟಿದ ಹಾಗಿತ್ತು.

"ತೆಲಿ ಮ್ಯಾಲ ಎರಡು ಕರೀ ಪಟ್ಟಿ ಅದಾವ, ನೋಡ್ರಿ," ಎನ್ನುತ್ತಿದ್ದ ಚನ್ನವೀರ. "ಪಟ್ಟೆತಲೆ ಹೆಬ್ಬಾತು. ಹಿಮಾಲಯದ ಆಚಿಂದ ಬರತಾವ. ಅಷ್ಟು ಎತ್ತರ ಹಾರೂ ಹಕ್ಕಿ ಬಹಳ ಕಡಿಮಿ. ಅಲ್ಲೆ ಹಿಮಾ ಬಿದ್ದಾಗ ಇಲ್ಲಿಗಿ ಬರತಾವ, ನಮ್ಮ ಕೆರೀಗೇ ಬರತಾವ. ರಾತ್ರಿ ಹೊಲದಾಗ ಮೇಯತಾವ, ಹಗಲು ನೀರಾಗ ಮಲಗತಾವ."

"ಯಾಕ ನಮ್ಮ ಕೆರೀಗೇ ಬರಬೇಕ್ರಿ?" ಎಂದಿತು ಒಂದು ಸಣ್ಣ ದನಿ.

"ಅದನ್ನ ನಾನೂ ಇಪ್ಪತ್ತು ವರ್ಷದಿಂದ ಕೇಳಾಕತ್ತೀನಿ."

ಆಮೇಲೆ ಅವನು ಎದ್ದ. ಮಗಳನ್ನು ಮುಂದೆ ಕೂರಿಸಿಕೊಂಡು ಹೊರಟ.

ಮೋಟಾರ್ ಸೈಕಲ್ಲು ಕೆಡಲಿಲ್ಲ. ಆದರೆ ಊರ ಬಾಯಲ್ಲಿ ಕುರಿಗಳ ಹಿಂಡು ಅಡ್ಡ ಬಂತು. ಕಾಯುವವರಿಲ್ಲದೆ ಕಾಡುಪಾಲಾದ ಕುರಿಗಳು. ಅವು ಹಾದಿ ಬಿಡುವಷ್ಟರಲ್ಲಿ ಪರದೆಯ ಮೇಲೆ ಅವನ ಹೆಸರು ಕೆಂಪಾಯಿತು. ಶಾಲೆಯ ಹೊರಬಾಗಿಲನ್ನು ಅವನು ಮುಟ್ಟಿದಾಗ ಒಂದು ನಿಮಿಷ ಇಪ್ಪತ್ತು ಸೆಕೆಂಡು ಮೀರಿತ್ತು. ತುಟಿ ಊದಿಕೊಂಡಿತ್ತು, ದನಿ ಹೋಗಿತ್ತು. ಎರಡು ಬಾಗಿಲ ನಡುವೆ ಸೂಜಿ ಹಿಡಿದು ನಿಂತಿದ್ದ ಊರಿನ ನರ್ಸು ಗಂಗಮ್ಮ ಅವನ ತೊಡೆಗೆ ಚುಚ್ಚಿದಳು.

ರಕ್ಷಣಾ ದಳ ಬಂದದ್ದು ಇಪ್ಪತ್ತು ನಿಮಿಷದ ಮೇಲೆ. ಅವರೇ ಅವನನ್ನು ಗದಗಿಗೆ ಕರೆತಂದರು. ಅವನು ಬದುಕಿದ.

*

ಹತ್ತು ದಿನ ಆಸ್ಪತ್ರೆಯಲ್ಲಿದ್ದು ಅವನು ಮನೆಗೆ ಬಂದ. ಇನ್ನು ಮೇಲೆ ಎರಡು ಬಾಗಿಲ ನಡುವಿನ ಜಾಗಕ್ಕೂ ಹೋಗುವಂತಿರಲಿಲ್ಲ. ಮಗಳು ಹೊರಗಿನಿಂದ ಬಂದರೆ ಕೂದಲು ಪೂರ್ತಿ ಒಣಗುವವರೆಗೆ ಅವನ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರು.

ಮೊದಲ ದಿನ ಶಾಲ್ಮಲಾ ಕೋಣೆಯ ಬಾಗಿಲಲ್ಲೇ ನಿಂತು, "ಅಪ್ಪಾ, ನಾ ಕೆರೀಗೆ ಹೋಗಂಗಿಲ್ಲ ಇನ್ನ," ಎಂದಳು.

"ಯಾಕ?"

"ನನ್ನಿಂದ ನಿನ್ನ ತಾಸೆಲ್ಲಾ ಹೋತು."

"ಹೋಗು," ಎಂದ ಚನ್ನವೀರ. "ರಾಡಿ ದಾಟಬ್ಯಾಡ. ಉಳಿದದ್ದು ಎಲ್ಲಾ ನೋಡು. ಸಂಜೀಕ ಬಂದು ನನಗ ಹೇಳು."

ಅವಳು ಹೋದ ಮೇಲೆ ಸುಮಂಗಲಾ ಅವನ ಹಾಸಿಗೆಯ ಪಕ್ಕ ಕೂತಳು. ಎಂಟು ವರ್ಷದಿಂದ ಬಾಯಿಗೆ ಬಂದು ನಿಂತಿದ್ದ ಮಾತು ಆಗ ಹೊರಬಿತ್ತು.

"ಆ ವರದಿಗೆ ಸಹಿ ಹಾಕಿದಾಕಿ ನಾನ್ರಿ."

"ಗೊತ್ತೈತಿ."

"ಆರು ತಿಂಗಳು ಸಾಲಂಗಿಲ್ಲ, ಇನ್ನೊಂದು ವರ್ಷ ನೋಡಬೇಕು ಅಂತ ಅನಿಸಿತ್ತು ನನಗ. ಹೇಳಲಿಲ್ಲ. ಎಲ್ಲಾರೂ ಕಾಯಾಕತ್ತಿದ್ರು. ನೀವು ಒಂದು ದಿನಾನೂ ನನಗ ಏನೂ ಅನ್ನಲಿಲ್ಲ. ಅನ್ನಬೇಕಿತ್ತು."

ಚನ್ನವೀರ ಗಾಜಿನ ಆಚೆ ನೋಡಿದ. ಹುಲ್ಲು ಎದುರಿನ ಶಾಲೆಯ ಗೋಡೆಯವರೆಗೂ ಬಂದು ಮುಟ್ಟಿತ್ತು.

"ಏನಂತ ಅನ್ನಲಿ?" ಎಂದ. "ಆ ಕೆರ್ಯಾಗ ನಾನು ಹೆಚ್ಚಂದ್ರ ಎಂಟು ಸಾವಿರ ಬಾತು ಎಣಿಸಿದ್ದೆ, ಬಹಳ ವರ್ಷದ ಹಿಂದ. ಆವತ್ತು ಎಣಸಾಕೇ ಬರಲಿಲ್ಲ. ನೀರ ಕಾಣಸಲಿಲ್ಲ ಸುಮಾ. ಜೀವಮಾನದಾಗ ನಾ ಅಂಥಾದ್ದು ಕಂಡಿಲ್ಲ. ಅದೂ ನಿಮ್ಮ ಐದು ಮಂದೀದ ಕೆಲಸ, ಇದೂ ನಿಮ್ಮದ ಕೆಲಸ. ಒಂದನ್ನ ಬೈದು ಇನ್ನೊಂದನ್ನ ಹೊಗಳಾಕ ನನಗ ಬರವಲ್ಲದು."

ಅದು ಕ್ಷಮೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

*

ಮಾರನೆಯ ವಾರ ಅವಳು ಮುಚ್ಚಿದ ಬಸ್ಸು ಹಿಡಿದು ಹಳೆಯ ಪ್ರಯೋಗಶಾಲೆಗೆ ಹೋದಳು. ಐವರಲ್ಲಿ ಈಗ ಅಲ್ಲಿ ಉಳಿದಿದ್ದವರು ಡಾಕ್ಟರ್ ಹಂಪಿಹೊಳಿ ಒಬ್ಬರೇ. ಅರವತ್ತೈದು ದಾಟಿದರೂ ನಿವೃತ್ತಿ ತೆಗೆದುಕೊಂಡಿರಲಿಲ್ಲ. ಕಳೆದ ತಾಸನ್ನು ಮರಳಿ ತರುವ ಮದ್ದಿಗಾಗಿ ಅವರು ಆರು ವರ್ಷದಿಂದ ಅದೇ ಮೇಜಿನ ಮೇಲೆ ಬಾಗಿದ್ದರು.

"ಹೊಸಾ ಮದ್ದು ಏನಾತ್ರಿ ಸರ್?"

ಅವರು ಎದ್ದು ಒಂದು ಪಂಜರದ ಮೇಲಿನ ಬಟ್ಟೆ ಸರಿಸಿದರು. ಒಳಗೆ ಇಲಿಗಳು ಬದುಕಿದ್ದವು. ಆದರೆ ಮೂಲೆ ಸೇರಿ ಮುದುಡಿಕೊಂಡಿದ್ದವು.

"ತೇವಬಂಧು ಶತ್ರು ಅಂತ ದೇಹ ನೆನಪಿಟ್ಟುಕೊಂಡದ್ದನ್ನು ಅಳಿಸಿದೆವು," ಎಂದರು. "ಅದರ ಜೊತೆಗೆ ಉಳಿದ ರೋಗಗಳ ನೆನಪೂ ಅಳಿಸಿಹೋಯಿತು. ಈಗ ಇವು ಒಂದು ನೆಗಡಿಗೂ ತಡೆಯುವುದಿಲ್ಲ. ಒಂದನ್ನೇ ಆರಿಸಿ ಮರೆಯುವುದನ್ನು ದೇಹಕ್ಕೆ ಕಲಿಸಲು ನಮಗೆ ಬರುತ್ತಿಲ್ಲ ಸುಮಂಗಲಾ."

"ಎಷ್ಟು ವರ್ಷ ಬೇಕಾಗಬಹುದ್ರಿ?"

"ಹಿಂದೆ ಇಂಥ ಪ್ರಶ್ನೆಗೆಲ್ಲ ತಕ್ಷಣ ಉತ್ತರ ಕೊಡುತ್ತಿದ್ದೆ." ಅವರು ಬಟ್ಟೆಯನ್ನು ಮತ್ತೆ ಮುಚ್ಚಿದರು. "ಈಗ ಕೊಡುವುದಿಲ್ಲ."

*

ಫೆಬ್ರುವರಿಯಲ್ಲಿ ಬಾತುಗಳು ಹೋಗತೊಡಗಿದವು. ಒಂದು ಸಂಜೆ ಶಾಲ್ಮಲಾ ಕೂದಲು ಒಣಗಿಸಿಕೊಂಡು ಬಂದು ಅಪ್ಪನ ಎದುರು ಕೂತು, ತಾವು ಕಪ್ಪತಗುಡ್ಡಕ್ಕೆ ಹೋಗುತ್ತಿದ್ದೇವೆ ಎಂದಳು. ಒಂಬತ್ತು ಜನ. ಎರಡು ದಿನ. ರಾತ್ರಿ ಗುಡ್ಡದ ಮೇಲೆ ಮಲಗುವುದು. ಕೇಳಲು ಬಂದಿರಲಿಲ್ಲ, ಹೇಳಲು ಬಂದಿದ್ದಳು.

"ಬ್ಯಾಡ," ಎಂದಳು ಸುಮಂಗಲಾ. "ಅಲ್ಲೆ ತ್ವಾಳ ಅದಾವ, ಚಿರತಿ ಅದಾವ. ಕ್ಯಾಮೆರಾ ಇಲ್ಲ, ಫೋನ್ ಹತ್ತಂಗಿಲ್ಲ. ಏನರ ಆದ್ರ ಯಾರು ಬರಬೇಕು?"

"ಯಾರೂ ಬರೂದು ಬ್ಯಾಡ," ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬರಾಕ ಆಗಂಗಿಲ್ಲಲ್ಲಾ ನಿಮಗ."

ಊರಿನ ತಂದೆತಾಯಿಗಳು ಶಾಲೆಯಲ್ಲಿ ಸೇರಿದರು. ಕೂಗಾಡಿದರು, ಅತ್ತರು. ಬಾಗಿಲಿಗೆ ಬೀಗ ಹಾಕೋಣ ಎಂದರೊಬ್ಬರು. ಎಷ್ಟು ದಿನ ಎಂದು ರೇಣವ್ವನ ಅಪ್ಪ ಕೇಳಿದ. ಹೊರಗೆ ಬಿಟ್ಟ ಮೇಲೆ ಅವರನ್ನು ಹಿಡಿದು ತರುವವರಾರು? ಚನ್ನವೀರ ತನ್ನ ಕೋಣೆಯಿಂದ ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳುತ್ತಿದ್ದ. ಅವನೂ ಬೇಡವೆಂದೇ ಹೇಳಿದ. ಮಕ್ಕಳು ತಲೆ ತಗ್ಗಿಸಿ ಕೇಳಿಸಿಕೊಂಡರು. ಮನಸ್ಸು ಬದಲಿಸಲಿಲ್ಲ.

ಆಮೇಲೆ ಅವನು ಎಂಟು ದಿನ, ದಿನಕ್ಕೆರಡು ತಾಸು, ಸ್ಪೀಕರಿನಲ್ಲೇ ಆ ಒಂಬತ್ತು ಮಕ್ಕಳಿಗೆ ಗುಡ್ಡದ ಪಾಠ ಹೇಳಿದ. ಯಾವ ಹಳ್ಳದ ನೀರು ಬೇಸಿಗೆಗೂ ಬತ್ತುವುದಿಲ್ಲ, ಯಾವ ಇಳಿಜಾರಿನಲ್ಲಿ ಕಲ್ಲು ಜಾರುತ್ತದೆ, ತೋಳದ ಹೆಜ್ಜೆಗೂ ನಾಯಿಯ ಹೆಜ್ಜೆಗೂ ಏನು ವ್ಯತ್ಯಾಸ, ರಾತ್ರಿ ಬೆಂಕಿ ಹಾಕಿದರೆ ಒಣ ಹುಲ್ಲಿಗೆ ಕಿಡಿ ತಾಗದಂತೆ ಹೇಗೆ ಕಲ್ಲಿಡಬೇಕು. ಹಿಂದೆ ಮುಖ ತಿರುಗಿಸುತ್ತಿದ್ದ ಮಕ್ಕಳು ಈ ಸಲ ಬರೆದುಕೊಂಡರು. ಮೇಲೆ ಹೋದ ಮೇಲೆ ಎಲ್ಲಿ ನಿಂತರೆ ಏನು ಕಾಣುತ್ತದೆ ಎಂದು ಹೇಳಲು ಹೊರಟವನು ನಡುವೆ ನಿಲ್ಲಿಸಿದ. "ಅದನ್ನ ನೀವ ನೋಡ್ರಿ," ಎಂದುಬಿಟ್ಟ.

ಹೊರಡುವ ದಿನ ಸುಮಂಗಲಾ ಬೆಳಗಿನ ಮೊದಲ ಬಸ್ಸಿಗೇ ಕೆಲಸಕ್ಕೆ ಬಂದಳು. ಊರಿನ ಮೂಡಣಕ್ಕೆ ಹುಲ್ಲಿನ ನಡುವೆ ಮೂರು ಕ್ಯಾಮೆರಾ ಕಂಬಗಳಿದ್ದವು. ಮೂರನೆಯದರ ಆಚೆ ಏನೂ ಇರಲಿಲ್ಲ. ಮಕ್ಕಳಿಗೆ ಕೈಪಟ್ಟಿ ಬೇಕಾಗಿರಲಿಲ್ಲವಾದ್ದರಿಂದ ಅವಳ ಪರದೆಗಳಲ್ಲಿ ಅವರ ಹೆಸರೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಎಂಟೂವರೆಗೆ ಮೊದಲ ಕಂಬದ ಕೆಳಗೆ ಒಂಬತ್ತು ತಲೆಗಳು ಕಂಡವು. ಬೆನ್ನಿಗೆ ರೊಟ್ಟಿಯ ಗಂಟು, ಕೈಯಲ್ಲಿ ಕೋಲು. ಹುಲ್ಲು ಅವರ ಭುಜದವರೆಗೂ ಇತ್ತು. ಎರಡನೆಯ ಕಂಬ. ಯಾರೋ ಏನೋ ತೋರಿಸಿದರು, ಎಲ್ಲರೂ ನಿಂತು ನೋಡಿದರು, ಮತ್ತೆ ನಡೆದರು. ಮೂರನೆಯ ಕಂಬ. ಒಬ್ಬೊಬ್ಬರಾಗಿ ಪರದೆಯ ಅಂಚು ದಾಟಿದರು.

ಫೋನ್ ಬಂತು. ಚನ್ನವೀರನದು.

"ಕಾಣಸತಾರೇನು?"

"ಇಲ್ರಿ. ಈಗ ದಾಟಿದ್ರು."

"ಶಾಲೂ ಮುಂದ ಇದ್ಲೋ, ಹಿಂದೋ?"

"ನಡುವ ಇದ್ಲು."

"ನಡುವ ಇದ್ರ ಚಲೋ." ಅವನು ಕೆಮ್ಮಿದ. "ಕಂಬ ದಾಟಿ ಯಾವ ಕಡೆ ಹೊಳ್ಳಿದ್ರು? ಎಡಕ್ಕ ಹೊಳ್ಳಿದ್ರ ಹಳ್ಳದ ಹಾದಿ, ನೀರು ಸಿಗತೈತಿ. ಬಲಕ್ಕ ಹೋದ್ರ ಬರೇ ಕಲ್ಲು."

ಸುಮಂಗಲಾ ಪರದೆಯನ್ನು ನೋಡಿದಳು. ಅದರಲ್ಲಿ ಹುಲ್ಲಿತ್ತು.

"ಕಾಣಲಿಲ್ರಿ," ಎಂದಳು.

ಅವನ ಉಸಿರು ಕೇಳಿಸುತ್ತಿತ್ತು, ಅದರ ಹಿಂದೆ ಗಾಳಿ ಸೋಸುವ ಯಂತ್ರದ ಸದ್ದು.

"ಹಂಗಾರ ಫೋನ್ ಇಡು," ಎಂದ ಚನ್ನವೀರ. "ನಿನಗ ಕೆಲಸ ಇರತೈತಿ."

"ಇಡತೀನ್ರಿ," ಎಂದಳು ಸುಮಂಗಲಾ.

ಇಬ್ಬರೂ ಇಡಲಿಲ್ಲ.